ಕೃಷ್ಣನ ಬಾಯಲ್ಲಿ ಸೈಟು

ಹಣ ಕೊಟ್ಟವರ ಗುಣವನ್ನು ಹಾಡುತ್ತಲೇ, ಹಣ ಕೊಡದೆ ಓದುವವರ ವಿಶ್ವಾಸವನ್ನೂ ಉಳಿಸಿಕೊಳ್ಳಬೇಕಾದ ಬರವಣಿಗೆಗೆ ‘ಪ್ರಾಯೋಜಿತ ಬರಹ’ ಎಂಬ ಹೆಸರು ಬಿದ್ದದ್ದು ಈಚೆಗಾದರೂ, ಆ ವೃತ್ತಿಯ ವಯಸ್ಸು ಕನ್ನಡ ಕಾವ್ಯದ ವಯಸ್ಸಿಗಿಂತ ಕಡಿಮೆಯದೇನಲ್ಲ. ಈ ವೃತ್ತಿಗಿಳಿದವನಿಗೆ ಇಬ್ಬರು ಯಜಮಾನರು: ಒಬ್ಬನು ಕಾಸು ಕೊಡುತ್ತಾನೆ, ಇನ್ನೊಬ್ಬನು ಕಣ್ಣು ಕೊಡುತ್ತಾನೆ, ಕಾಸಿನವನು ಮುನಿದರೆ ಒಂದು ಹೊತ್ತಿನ ಊಟ ತಪ್ಪುತ್ತದೆ, ಕಣ್ಣಿನವನು ಮುನಿದರೆ ಕಾಸಿನವನೂ ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದೆಂದು ಹಿರಿಯರು ಗಾದೆ ಮಾಡಿಟ್ಟಿರುವುದು ನಿಜ. ಆದರೆ ಬರೆಯುವವನು ಉಂಡು, ಕೈತೊಳೆದು, ಎದ್ದು ಹೋಗುವವನು, ಓದುವವನಾದರೋ ಅವನ ಮಾತನ್ನು ನಂಬಿ ಅದೇ ಜಂತೆಯ ಕೆಳಗೆ ಮಲಗುವವನು ಎಂಬುದನ್ನು ಆ ಗಾದೆ ಲೆಕ್ಕಕ್ಕೆ ಹಿಡಿದಂತಿಲ್ಲ.

1986ರಲ್ಲಿ ಬೆಂಗಳೂರಿನಿಂದ ಬೇರೆಯಾಗಿ, 2007ರಲ್ಲಿ ರಾಮನಗರವನ್ನು ಬಿಟ್ಟುಕೊಟ್ಟು, ಇಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಉಳಿದಿರುವ ಬೆಂಗಳೂರು ಗ್ರಾಮಾಂತರ ಜಿಲ್ಲೆಯು ಈ ಪ್ರಕಾರದ ಅಧ್ಯಯನಕ್ಕೆ ಬಹಳ ಅನುಕೂಲವಾದ ಕ್ಷೇತ್ರ. ಚಕ್ಕೋತ ಬೆಳೆಯುತ್ತಿದ್ದ ದೇವನಹಳ್ಳಿಯ ಸೀಮೆಯಲ್ಲಿ 2008ರ ಮೇ ತಿಂಗಳಿನಿಂದ ವಿಮಾನಗಳು ಇಳಿಯತೊಡಗಿದವು. ಅವುಗಳ ಹಿಂದೆಯೇ ವಿಶೇಷಣಗಳೂ ಇಳಿದವು. ಬಡಾವಣೆಗಳನ್ನು ಕುರಿತ ಲೇಖನವೆಂಬ ವೇಷದ ಜಾಹೀರಾತುಗಳಲ್ಲಿ ರಾಗಿಯ ಹೊಲವು ‘ಪ್ರಶಾಂತ ಪರಿಸರ’ವಾಗುತ್ತದೆ, ಬತ್ತಿದ ಕೆರೆಯು ‘ಸರೋವರದ ನೋಟ’ವಾಗುತ್ತದೆ, ನಾಲ್ಕೂ ತಾಲ್ಲೂಕುಗಳ ಯಾವ ಮೂಲೆಯಾದರೂ ವಿಮಾನ ನಿಲ್ದಾಣಕ್ಕೆ ಹತ್ತೇ ನಿಮಿಷದ ದಾರಿಯಾಗುತ್ತದೆ. ಇದನ್ನು ಸುಳ್ಳೆಂದು ತಳ್ಳಿಹಾಕುವ ಮೊದಲು ಪದದ ಅರ್ಥವನ್ನು ನೋಡಬೇಕು: ನಿಮಿಷವೆಂದರೆ ಮೂಲದಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು; ಆದ್ದರಿಂದ ನೆಲಮಂಗಲದಲ್ಲಿ ಬಸ್ಸು ಹತ್ತಿ ಕಣ್ಣು ಮುಚ್ಚಿದವನು ದೇವನಹಳ್ಳಿಯಲ್ಲಿ ಕಣ್ಣು ತೆರೆದರೆ ಅವನ ಪಾಲಿಗೆ ಅದು ಒಂದೇ ನಿಮಿಷ, ಉಳಿದ ಒಂಬತ್ತನ್ನು ಬರಹಗಾರನು ಔದಾರ್ಯದಿಂದ ಸೇರಿಸಿದ್ದಾನೆ.

ಇದೇ ನೆಲದಲ್ಲಿ ಇದಕ್ಕಿಂತ ಹಳೆಯ ಭೂಬರಹವೊಂದಿದೆ. ಅದು ದಾನಶಾಸನ, ಎಂದರೆ ಇಂಥವರು ಇಂಥ ಭೂಮಿಯನ್ನು ಇಂಥ ದೇವರಿಗೋ ವ್ಯಕ್ತಿಗೋ ಕೊಟ್ಟರೆಂದು ಕಲ್ಲಿನಲ್ಲಿ ಕೊರೆಸಿದ ದಾಖಲೆ. ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಈ ತಾಲ್ಲೂಕುಗಳ ಶಾಸನಗಳು ಸೇರಿವೆ. ದಾನಶಾಸನವೂ ಪ್ರಾಯೋಜಿತ ಬರಹವೇ, ಏಕೆಂದರೆ ಕೊಟ್ಟವನ ಬಿರುದುಗಳೇ ಅರ್ಧ ಕಲ್ಲನ್ನು ನುಂಗುವುದುಂಟು. ಆದರೆ ಬಿರುದುಗಳು ಮುಗಿದು ಭೂಮಿಯ ಮಾತು ಬಂದೊಡನೆ ಹೊಗಳಿಕೆಯ ಲೇಖನಿ ಶಾನುಭೋಗನ ಕೈಗೆ ಬಂದಂತಾಗುತ್ತದೆ: ಮೂಡಲಿಗೆ ಕೆರೆಯ ಏರಿ, ತೆಂಕಲಿಗೆ ಹುಣಿಸೆಯ ಮರ, ಪಡುವಲಿಗೆ ಹಳ್ಳ, ಬಡಗಲಿಗೆ ನೆಟ್ಟ ಕಲ್ಲು ಎಂಬ ಧಾಟಿಯಲ್ಲಿ ನಾಲ್ಕು ಎಲ್ಲೆಗಳು ಖಚಿತವಾಗುತ್ತವೆ. ಇದಕ್ಕೆ ಚತುಸ್ಸೀಮೆಯೆಂದು ಹೆಸರು. ಕೊನೆಯಲ್ಲಿ ಬರುವುದು ಶಾಪಾಶಯ, ಎಂದರೆ ಈ ಧರ್ಮಕ್ಕೆ ತಪ್ಪಿದವರಿಗೆ ತಗಲುವ ಪಾಪದ ವಿವರ. ವಾರಣಾಸಿಯಲ್ಲಿ ಕಪಿಲೆಯ ಹಸುಗಳನ್ನು ಕೊಂದ ಪಾಪವು ಅದರಲ್ಲಿ ಹೆಚ್ಚು ಬಳಕೆಯದು. ಯಾರ ಹಣವೆಂಬುದು ಮೊದಲಲ್ಲೇ, ಯಾವ ನೆಲವೆಂಬುದು ನಡುವೆ, ತಪ್ಪಿದರೆ ಏನೆಂಬುದು ಕೊನೆಗೆ: ಕಲ್ಲು ಕಡಿಯುವವನಿಗೆ ಗೊತ್ತಿದ್ದ ಈ ಕ್ರಮವನ್ನು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸುವವರಿಗೆ ಕಾನೂನಿನ ಮೂಲಕ ಕಲಿಸಬೇಕಾಯಿತು. 2016ರ ರೇರಾ ಕಾಯಿದೆಯು, ಎಂದರೆ ಮನೆ-ನಿವೇಶನಗಳ ಮಾರಾಟವನ್ನು ನಿಯಂತ್ರಿಸುವ ಕಾಯಿದೆಯು, ನೋಂದಣಿಯಾದ ಯೋಜನೆಯ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಇರಲೇಬೇಕೆಂದಿತು. ಜಾಹೀರಾತುಗಳನ್ನು ಕುರಿತ 2022ರ ಮಾರ್ಗಸೂಚಿಗಳು ಹೊಗಳುವವನಿಗೂ ಹೊಗಳಿಸಿಕೊಳ್ಳುವವನಿಗೂ ಇರುವ ನಂಟನ್ನು ಬಯಲು ಮಾಡಬೇಕೆಂದವು. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ 10 ಲಕ್ಷ ರೂಪಾಯಿಯವರೆಗೂ, ಮರುಕಳಿಸಿದರೆ 50 ಲಕ್ಷದವರೆಗೂ ದಂಡವಿದೆ. ಕಪಿಲೆಯ ಪಾಪವು ಮುಂದಿನ ಜನ್ಮದ ಬಾಬ್ತು, ಇದು ಈ ಜನ್ಮದ್ದೇ ಆದ್ದರಿಂದ ಶಾಪಾಶಯದ ಸಾಹಿತ್ಯವು ಸುಧಾರಿಸಿದೆಯೆಂದೇ ಹೇಳಬೇಕು.

ಹಣದ ನಂಟನ್ನು ಬಹಿರಂಗಪಡಿಸಿದ ಮಾತ್ರಕ್ಕೆ ಬರಹವು ಓದುವಂತಾಗುವುದಿಲ್ಲ ಎಂಬ ಆಕ್ಷೇಪಕ್ಕೆ ಹತ್ತನೆಯ ಶತಮಾನದ ಪಂಪನಲ್ಲಿ ಉತ್ತರವಿದೆ. ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿದ್ದ ಅವನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಆಶ್ರಯದಾತನನ್ನೇ ಅರ್ಜುನನೊಡನೆ ಸಮೀಕರಿಸಿದನು, ಅದನ್ನು ಮುಚ್ಚಿಡಲೂ ಇಲ್ಲ. ಹೀಗೆ ಮಾಡಿದ ಮೇಲೆ ಕಥೆಯು ಅಲ್ಲಲ್ಲಿ ತೊಡಕಿತು: ಅನ್ನದಾತನ ಹೆಂಡತಿಯನ್ನು ಐವರಿಗೆ ಹಂಚುವುದು ಶಿಷ್ಟಾಚಾರವಲ್ಲವಾದ್ದರಿಂದ ದ್ರೌಪದಿಯು ಅರ್ಜುನನೊಬ್ಬನ ಮಡದಿಯಾದಳು, ಯುದ್ಧಾನಂತರದ ಪಟ್ಟವೂ ಧರ್ಮರಾಯನನ್ನು ದಾಟಿ ಅರ್ಜುನ-ಸುಭದ್ರೆಯರಿಗೆ ಹೋಯಿತು. ಇಷ್ಟೆಲ್ಲ ಉಪಚಾರ ಮಾಡಿದ ಕವಿಯೇ ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರೆಂದು, ಪ್ರಾಯೋಜಕನ ಎದುರಾಳಿಯ ಕಡೆಗೆ ಓದುಗರ ಕಣ್ಣನ್ನು ತಿರುಗಿಸಿದನು. ರನ್ನನೂ ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಾಗಿಸಿ ‘ಸಾಹಸಭೀಮ ವಿಜಯ’ವನ್ನು ಬರೆದನು; ಓದಿ ಮುಗಿಸಿದವರ ಮನಸ್ಸಿನಲ್ಲಿ ಉಳಿಯುವವನು ಮಾತ್ರ ದುರ್ಯೋಧನ. ಕಿರೀಟವನ್ನು ಕೊಟ್ಟವನ ತಲೆಗಿಟ್ಟು ಕಣ್ಣೀರನ್ನು ಸೋತವನಿಗೆ ಮೀಸಲಿಟ್ಟ ಈ ಕವಿಗಳನ್ನು ಓದುಗರು ಸಾವಿರ ವರ್ಷ ಕಳೆದರೂ ಬಿಟ್ಟಿಲ್ಲ. ಪಂಪನ ಪಾಲಿಗೆ ಧರ್ಮವುರವೆಂಬ ಅಗ್ರಹಾರವೂ ಬಂತೆಂಬುದರಿಂದ, ಪ್ರಾಯೋಜಕನಿಗೂ ಬೇಸರವಾದಂತೆ ಕಾಣುವುದಿಲ್ಲ. ಜಂತೆಗೆ ಹುಳು ಹಿಡಿದಿದ್ದರೆ ಹೇಳಿಯೂ ಊಟ ದಕ್ಕಿಸಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅದೇ ಭಾರತದ ಕಥೆಯು ಗ್ರಾಮಾಂತರ ಜಿಲ್ಲೆಯ ಊರುಗಳಲ್ಲಿ ‘ಕುರುಕ್ಷೇತ್ರ’ವೆಂಬ ಪೌರಾಣಿಕ ನಾಟಕವಾಗಿ ರಾತ್ರಿಯಿಡೀ ನಡೆಯುವಾಗ, ಪ್ರಾಯೋಜನೆಯ ಶಾಸ್ತ್ರವು ಪ್ರಯೋಗರೂಪದಲ್ಲಿ ಕಾಣಸಿಗುತ್ತದೆ. ಇಲ್ಲಿ ನಟನು ಸಂಭಾವನೆ ಪಡೆಯುವುದಿಲ್ಲ; ಪಾತ್ರಕ್ಕೆ ಇಷ್ಟೆಂದು ತಾನೇ ಕಾಸು ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಹಾಡು ಕಲಿತು, ಬಾಡಿಗೆಯ ಕಿರೀಟ ತೊಡುತ್ತಾನೆ. ಸೀನು ಮುಗಿದು ಪರದೆ ಬಿದ್ದೊಡನೆ ಮೈಕಿನಲ್ಲಿ ದಾನಿಗಳ ಪಟ್ಟಿ ಮೊಳಗುತ್ತದೆ: ಶಾಮಿಯಾನ ಯಾರದು, ಊಟ ಯಾರದು, ಭೀಮನಿಗೆ ನೋಟಿನ ಹಾರ ಹಾಕಿದ ಭಾವಮೈದುನ ಯಾವ ಊರಿನವನು. ಹೆಸರು ಬಿಟ್ಟುಹೋದ ದಾನಿಯ ಮುನಿಸು ದುರ್ಯೋಧನನ ಛಲಕ್ಕಿಂತ ದೊಡ್ಡದಾದ್ದರಿಂದ ಪಟ್ಟಿಯನ್ನು ಎರಡು ಬಾರಿ ಓದುವುದೂ ಉಂಟು. ಸಭೆಯು ಇದೆಲ್ಲವನ್ನೂ ಸಹಿಸುತ್ತದೆ, ಏಕೆಂದರೆ ಪಟ್ಟಿಯು ಪಟ್ಟಿಯಾಗಿಯೇ ಬರುತ್ತದೆ, ಪರದೆ ಬಿದ್ದಾಗಲೇ ಬರುತ್ತದೆ.

ಆದರೆ ಸಂಧಾನದ ಸೀನಿನಲ್ಲಿ ಪಾಂಡವರಿಗೆ ಐದು ಊರುಗಳನ್ನಾದರೂ ಕೊಡೆಂದು ಕೇಳಲು ಬಂದ ಕೃಷ್ಣನು, ಆ ಐದರ ಪೈಕಿ ಒಂದು ದೇವನಹಳ್ಳಿಯ ಬಳಿಯಿದ್ದರೆ ಲೇಸು, ಅಲ್ಲಿ 30×40 ಅಳತೆಯ ಸೈಟುಗಳು ಕೆಲವೇ ಉಳಿದಿವೆ ಎಂದು ಅದೇ ರಾಗದಲ್ಲಿ ಸೇರಿಸಿದರೆ ಏನಾಗಬಹುದೆಂಬುದನ್ನು ಊಹಿಸಬಹುದು. ಯಶೋದೆಗೆ ಬಾಯೊಳಗೆ ಬ್ರಹ್ಮಾಂಡವನ್ನೇ ತೋರಿಸಿದವನು ಈ ಸಭೆಗೆ ಸೈಟು ತೋರಿಸಿದನೆಂದರೆ, ಆ ಕ್ಷಣದಿಂದ ಅವನ ಗೀತೆಯಲ್ಲೂ ಕಮಿಷನ್ನಿನ ವಾಸನೆ ಹುಡುಕಲಾಗುತ್ತದೆ. ಸೈಟು ಒಳ್ಳೆಯದೇ ಇರಬಹುದು, ಕಾಗದಪತ್ರಗಳು ಸರಿಯಾಗಿಯೇ ಇರಬಹುದು. ಕೆಟ್ಟದ್ದು ಮೈಕಿನವನು ಹೇಳಬೇಕಾದುದನ್ನು ಕೃಷ್ಣನು ಹೇಳಿದ್ದು. ಹಣಕ್ಕಾಗಿ ಬರೆಯುವವನು ಕೃಷ್ಣನೂ ಆಗಬಹುದು, ಮೈಕಿನವನೂ ಆಗಬಹುದು. ಎರಡನ್ನೂ ಒಂದೇ ಕಿರೀಟದಲ್ಲಿ ಮಾಡಬಾರದು.

ದಾನಿಗಳ ಪಟ್ಟಿ ಆರಂಭವಾದೊಡನೆ ಸಭೆಯಲ್ಲಿ ಅರ್ಧ ಜನ ಚಹಾಕ್ಕೋ ಬೀಡಿಗೋ ಕಡಲೆಕಾಯಿಗೋ ಎದ್ದು ಹೋಗುವುದನ್ನು ಕಂಡು ಹೊಸ ದಾನಿಗಳು ಕಳವಳಪಡುವುದುಂಟು. ಹಳೆಯ ಮೇಷ್ಟ್ರು ಕಳವಳಪಡುವುದಿಲ್ಲ; ಅವರು ಎದ್ದು ಹೋದವರ ಬೆನ್ನನ್ನು ನೋಡದೆ ಅವರು ಕುಳಿತಿದ್ದ ಜಾಗವನ್ನು ನೋಡುತ್ತಾರೆ. ಅಲ್ಲಿ ಚಾಪೆ ಹಾಸಿದಂತೆಯೇ ಇದ್ದರೆ, ಅದರ ಮೇಲೊಂದು ಚಪ್ಪಲಿಯೋ ಟವೆಲ್ಲೋ ಕಾವಲಿಗಿದ್ದರೆ, ಕರ್ಣನ ಸೀನಿಗೆ ಎಲ್ಲರೂ ಮರಳುತ್ತಾರೆಂದು ತಿಳಿದು ಹಾರ್ಮೋನಿಯಮ್ಮಿನ ತಿದಿಯನ್ನು ಒತ್ತುತ್ತಾರೆ. ಚಾಪೆ ಸುತ್ತಿಕೊಂಡು ಹೋದವರನ್ನು ಮಾತ್ರ ಯಾವ ರಾಗವೂ ಕರೆತರಲಾರದು.