ಸ್ತ್ರೀಯರಲ್ಲಿ ಜಲವಿಮುಖತೆ: ಒಂದು ಸಾಂಸ್ಕೃತಿಕ-ಮನೋ-ಪಾರಿಸರಿಕ ಅನುಸಂಧಾನ

ಪೂರ್ವಪೀಠಿಕೆ: ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟ ಹೆಣ್ಣುಮಗಳು ಸಂಜೆ ಆರಕ್ಕೆ ಮರಳುವಾಗ ಅವಳ ಚೀಲದ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇರುವುದೇಕೆ ಎಂಬ ವಿದ್ಯಮಾನವನ್ನು ಅಂತರ್‌ಶಿಸ್ತೀಯ ನೆಲೆಗಟ್ಟಿನಲ್ಲಿ, ಬಹುಮುಖಿ ಪರಿಪ್ರೇಕ್ಷ್ಯದಲ್ಲಿ, ಸಂಕಥನದ ಒಡಲೊಳಗಿಂದಲೇ ಮುಖಾಮುಖಿಯಾಗಿಸುವ ವಿನಮ್ರ ಯತ್ನವಿದು. ‘ಮುಖಾಮುಖಿಯಾಗಿಸುವುದು’ ಎಂದರೇನೆಂದು ನನಗೂ ಗೊತ್ತಿಲ್ಲ. ಆ ಪದವಿಲ್ಲದಿದ್ದರೆ ಮೈಕು ಕೊಡುವುದಿಲ್ಲ.

ಪೂರ್ವಾಧ್ಯಯನ ಸಮೀಕ್ಷೆ: 1935ರಲ್ಲಿ ಮಾರ್ಗರೆಟ್ ಮೀಡ್ ನ್ಯೂಗಿನಿಯ ಮೂರು ಬುಡಕಟ್ಟುಗಳ ಬಗ್ಗೆ ಬರೆದು, ಹೆಣ್ಣಿನ ಗುಣ, ಗಂಡಿನ ಗುಣ ಅನ್ನುವುದು ಬೆಳೆಸಿದ ರೀತಿಯಿಂದ ಬರುತ್ತದೆ ಎಂದರು. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು, ಮನಶ್ಶಾಸ್ತ್ರ ‘ಮನುಷ್ಯ ಸ್ವಭಾವ’ ಎಂದು ಹೇಳುತ್ತ ಬಂದದ್ದು ಬಹುಪಾಲು ಪಶ್ಚಿಮದ ಓದಿದ, ಉಳ್ಳ ಜನರ ಸ್ವಭಾವವನ್ನೇ ಎಂದು ತೋರಿಸಿದರು. ಇವರ್ಯಾರೂ ನಮ್ಮ ವಿಚಾರಗೋಷ್ಠಿಗಳಿಗೆ ಬಂದವರಲ್ಲವಾದ್ದರಿಂದ ಬಾಟಲಿಯ ಪ್ರಸ್ತಾಪ ಅವರಲ್ಲಿಲ್ಲ.

ವರ್ಗೀಕರಣ: (ಅ) ತುಟಿತೇವಿನಿಯರು: ಬಾಯಿ ಒಣಗಿದಾಗ ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ಹಾಕುವವರು. (ಆ) ಅರ್ಧಗುಟುಕಿನಿಯರು: ಮಾತ್ರೆ ನುಂಗಲಷ್ಟೇ ನೀರು ಮುಟ್ಟುವವರು. (ಇ) ಚಹಾವರ್ಜಿತೆಯರು: ಹನ್ನೊಂದರ ಟೀ ಬಂದಾಗ ‘ನಂಗೆ ಅಭ್ಯಾಸ ಇಲ್ಲ’ ಎಂದು ಸುಳ್ಳು ಹೇಳುವವರು. ನಾನು ಮೂರನೆಯವಳು, ಮನೆಯಲ್ಲಿ ದಿನಕ್ಕೆ ನಾಲ್ಕು ಲೋಟ ಕುಡಿಯುತ್ತೇನೆ. (ಈ)... ಹೋಗಲಿ ಬಿಡಿ.

ಕ್ಷೇತ್ರಕಾರ್ಯ: ಲಿಂಗ, ಸಂಸ್ಕೃತಿ, ಪರಿಸರ ಕುರಿತ ಎರಡು ದಿನದ ಗೋಷ್ಠಿ. ವೇದಿಕೆಯ ಮೇಲೆ ಏಳು ಗಂಡಸರು, ಏಳು ಶಾಲು. ಹುಡುಗಿಯರು ಸೀರೆಯುಟ್ಟು ಪನ್ನೀರು ಚಿಮುಕಿಸಿದರು, ಪ್ರಾರ್ಥನೆ ಹಾಡಿದರು. ಆಶಯ ಭಾಷಣ ಒಂದೂಕಾಲು ಗಂಟೆ. ತಾಳ್ಮೆ ಹೆಣ್ಣಿಗೆ ಹುಟ್ಟಿನಿಂದಲೇ ಬಂದದ್ದು ಎಂಬುದು ಅದರ ಸಾರ. ನಡುವೆ ಹಿಂದಿನ ಸಾಲಿನಿಂದ ಒಬ್ಬಳು ಬಗ್ಗಿ, ‘ಮೇಡಂ, ಟಾಯ್ಲೆಟ್ ಎಲ್ಲಿದೆ?’ ಎಂದಳು. ಇಬ್ಬರೂ ಎದ್ದು ಹೋದೆವು. ಕಾರಿಡಾರಿನ ಕೊನೆಗೆ ‘ಮಹಿಳೆಯರಿಗೆ’ ಎಂದು ಬರೆದ ಬಾಗಿಲು. ಬಾಗಿಲಿಗೆ ತುಕ್ಕು ಹಿಡಿದ ಬೀಗ. ಬೀಗದ ಕೈ ಅಟೆಂಡರ್ ಹತ್ತಿರ. ಅಟೆಂಡರ್ ಊಟದ ವ್ಯವಸ್ಥೆ ನೋಡಲು ಹೋಗಿದ್ದ. ಗಂಡಸರು ಕಾಂಪೌಂಡ್ ಗೋಡೆಯ ಮಗ್ಗುಲಿಗೆ ಹೋಗಿ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರು.

‘ಇರ್ಲಿ ಮೇಡಂ, ಸಂಜೆ ತನಕ ತಡ್ಕೋತೀನಿ’ ಎಂದಳು. ಒಳಗೆ ತಾಳ್ಮೆಗೆ ಚಪ್ಪಾಳೆ ಬಿತ್ತು.

ಇದು ಸ್ವಭಾವವಂತೆ! ಹೆಣ್ಣಿನ ಮೂತ್ರನಾಳ ಸುಮಾರು 4 ಸೆಂಟಿಮೀಟರ್, ಗಂಡಿನದು 20ರ ಆಸುಪಾಸು. ಸೋಂಕು ಒಳಗೆ ಹತ್ತಲು ನಮ್ಮಲ್ಲಿ ದಾರಿ ಗಿಡ್ಡ. ನೀರು ಕುಡಿಯುವುದು ಬಿಟ್ಟು, ತಡೆದುಕೊಂಡು, ಉರಿ ಶುರುವಾಗಿ, ಜ್ವರ ಬಂದು ಮಲಗಿದರೆ ‘ಹೆಂಗಸರಿಗೆ ಇದ್ದದ್ದೇ’ ಎನ್ನುತ್ತಾರೆ. ಕಲ್ಲಿಕೋಟೆಯ ಅಂಗಡಿಗಳಲ್ಲಿ ದುಡಿಯುವ ಹೆಂಗಸರು ಶೌಚಾಲಯಕ್ಕಾಗಿ, ಕೂರುವ ಹಕ್ಕಿಗಾಗಿ ಬೀದಿಗಿಳಿಯಬೇಕಾಯಿತು. 2018ರಲ್ಲಿ ಕೇರಳ ಕಾನೂನು ತಿದ್ದಿ ಅಂಗಡಿಯಲ್ಲಿ ಕೂರಲು ಆಸನ ಇರಲೇಬೇಕೆಂದಿತು. ಅಲ್ಲಿಯವರೆಗೆ ದಿನವಿಡೀ ನಿಲ್ಲುವುದೂ ಅವರ ಸ್ವಭಾವವೇ ಆಗಿದ್ದಿರಬೇಕು! ನಮ್ಮ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದಕ್ಕೆ ಬೀಗ ಹಾಕಬಾರದೆಂದೂ ಬರೆಯಬೇಕಾದೀತೆಂದು ಪಾಪ, ಕಾಯ್ದೆ ಮಾಡಿದವರಿಗೆ ಹೊಳೆದಿರಲಾರದು.

ಆ ಹುಡುಗಿ ಮಾರನೆಯ ದಿನ ಬರಲಿಲ್ಲ. ಸರ್ಟಿಫಿಕೇಟಿಗೆ ಎರಡೂ ದಿನದ ಹಾಜರಿ ಬೇಕಿತ್ತು.

ಸಂಘಟಕರಲ್ಲಿ ಒಂದು ವಿನಂತಿ. ಮುಂದಿನ ಸಲ ಆಹ್ವಾನ ಪತ್ರಿಕೆಯಲ್ಲಿ ಪ್ರಾರ್ಥನೆ ಯಾರದು, ಸ್ವಾಗತ ಯಾರದು, ವಂದನಾರ್ಪಣೆ ಯಾರದು ಎಂದು ಅಚ್ಚು ಹಾಕಿಸುವಾಗ ಬೀಗದ ಕೈ ಯಾರ ಹತ್ತಿರ ಎಂಬುದನ್ನೂ ಹಾಕಿಸಿ.