ಇಕ್ಕಟ್ಟು ಮೀಮಾಂಸೆ: ಸುರತ್ಕಲ್ ಪಾಠದ ಪರಿಷ್ಕರಣೆ

ಇಕ್ಕಟ್ಟು ಬಂದಾಗಲೇ ಆಟ ಕಟ್ಟುವ ಬ್ಯಾಟುಗಾರ ಎಂಬ ಜೀವಿ ಲೋಕದಲ್ಲಿ ಇದೆಯೋ ಇಲ್ಲವೋ? ಶಾಸ್ತ್ರಮರ್ಯಾದೆಯಂತೆ ಮೊದಲು ಪೂರ್ವಪಕ್ಷ. 1977ರಲ್ಲಿ ಅಮೆರಿಕದ ಡಿಕ್ ಕ್ರೇಮರ್ ಬೇಸ್‌ಬಾಲಿನ ಎರಡು ಋತುಗಳ ಲೆಕ್ಕ ತಾಳೆ ನೋಡಿದರು. ಒಂದು ವರ್ಷ ಇಕ್ಕಟ್ಟಿನಲ್ಲಿ ಮಿಂಚಿದವರು ಮರುವರ್ಷವೂ ಮಿಂಚುತ್ತಾರೆ ಎನ್ನಲು ಆಧಾರ ಸಿಗಲಿಲ್ಲ. ಎಲ್ಲವೂ ಕಾಕತಾಳೀಯ ಎಂಬ ತೀರ್ಪು ಹೊರಬಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರೆಜ್ಜಿ ಜಾಕ್ಸನ್ ವರ್ಲ್ಡ್ ಸೀರೀಸಿನ ಆರನೆಯ ಪಂದ್ಯದಲ್ಲಿ ಮೂವರು ಪಿಚರ್‌ಗಳಿಗೆ ಸಾಲಾಗಿ ಮೂರು ಹೋಮ್‌ರನ್ ಬಾರಿಸಿದರು. ಕ್ರೇಮರ್ ಅವರ ಪ್ರಬಂಧ ಜಾಕ್ಸನ್ ಕೈಗೆ ತಲುಪಿರಲಿಲ್ಲವೆಂದು ತೋರುತ್ತದೆ.

ಉತ್ತರಪಕ್ಷಕ್ಕೆ ಆಕರ ಮಂಗಳೂರಿನಲ್ಲೇ ಇದೆ: ಕ್ರಿಕೆಟಿಗ ಕೆ.ಎಲ್. ರಾಹುಲ್. 1992ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಸುರತ್ಕಲ್‌ನ ಎನ್‌ಐಟಿಕೆ ಆವರಣದಲ್ಲಿ ಬೆಳೆದು, ನೆಹರೂ ಮೈದಾನದಲ್ಲಿ ಸ್ಯಾಮುಯೆಲ್ ಜಯರಾಜ್ ಅವರ ಕೈಯಲ್ಲಿ ಪಳಗಿದವರು. ತಂದೆ ಎಂಜಿನಿಯರಿಂಗ್ ಪ್ರಾಧ್ಯಾಪಕರು, ತಾಯಿ ಇತಿಹಾಸದ ಪ್ರಾಧ್ಯಾಪಕಿ. ಗಣಿತ ಪಿತೃಪಕ್ಷದಿಂದ, ಆಪತ್ಕಾಲದ ಅರಿವು ಮಾತೃಪಕ್ಷದಿಂದ ಬಂತೆಂದು ಊಹಿಸುವುದು ಸಂಶೋಧಕರ ಹಕ್ಕು.

ಬ್ಯಾಟಿಂಗ್ ಕ್ರಮಾಂಕದ ವಿಷಯದಲ್ಲಿ ಪಾಠಾಂತರಗಳು ವಿಪರೀತ. 2014ರ ಮೆಲ್ಬರ್ನ್ ಟೆಸ್ಟ್‌ನಲ್ಲಿ ಒಮ್ಮೆ ಆರನೆಯವರು, ಒಮ್ಮೆ ಮೂರನೆಯವರು. ಗಳಿಕೆ 3 ಮತ್ತು 1. ಮುಂದಿನ ಸಿಡ್ನಿ ಟೆಸ್ಟ್‌ನಲ್ಲಿ ಆರಂಭಿಕರು, 110. ಆಮೇಲೆ ಏಕದಿನದಲ್ಲಿ ಐದನೆಯವರು, ಜೊತೆಗೆ ಕೀಪರ್. ಮದುವೆ ಮನೆಯಲ್ಲಿ ಯಾವ ಪಂಕ್ತಿಗೆ ಬಡಿಸುವವರು ಸಾಲದೋ ಅಲ್ಲಿಗೆ ಬಕೆಟ್ ಹಿಡಿದು ಓಡುವ ನೆಂಟನಂತೆ.

ಪ್ರಧಾನ ಶಾಸನ ಚೆನ್ನೈನದು, ಅಕ್ಟೋಬರ್ 8, 2023ರ ವಿಶ್ವಕಪ್ ಪಂದ್ಯ. ಆಸ್ಟ್ರೇಲಿಯಾ 199ಕ್ಕೆ ಆಲೌಟ್. ಐವತ್ತು ಓವರ್ ಕೀಪಿಂಗ್ ಮಾಡಿ ಬೆವರಿದ್ದ ರಾಹುಲ್ ಸ್ನಾನ ಮುಗಿಸಿ ಅರ್ಧ ಗಂಟೆ ಕಾಲು ಚಾಚೋಣವೆಂದುಕೊಂಡಿದ್ದರು. ಅಷ್ಟರಲ್ಲಿ ಇಶಾನ್, ರೋಹಿತ್, ಶ್ರೇಯಸ್ ಮೂವರೂ ಸೊನ್ನೆಗೆ ಔಟ್; ಭಾರತ 2ಕ್ಕೆ 3. ಸ್ವಲ್ಪ ಹೊತ್ತು ಟೆಸ್ಟ್ ಆಡಿದಂತೆ ಆಡೋಣವೆಂದು ಕೊಹ್ಲಿ ಹೇಳಿದರು. ಜೊತೆಯಾಟ 165. ಗೆಲುವಿಗೆ 5 ಬೇಕಿದ್ದಾಗ ರಾಹುಲ್ 91ರಲ್ಲಿದ್ದರು. ಮೊದಲು ಬೌಂಡರಿ, ಆಮೇಲೆ ಸಿಕ್ಸರ್, ಅಲ್ಲಿಗೆ ಶತಕ: ಲೆಕ್ಕ ಕರಾರುವಾಕ್ಕು. ಆದರೆ ಬೌಂಡರಿಗೆಂದು ಹೊಡೆದ ಕಮಿನ್ಸ್ ಎಸೆತ ಹಾರಿ ಸಿಕ್ಸರ್ ಆಯಿತು. ಗೆದ್ದ ಬ್ಯಾಟುಗಾರ ಪಿಚ್ ಮೇಲೆ ಕುಕ್ಕರುಗಾಲಲ್ಲಿ ಕುಳಿತರು, ಅಜೇಯ 97. ಇಕ್ಕಟ್ಟಿನ ಅಭ್ಯಾಸ ಅತಿಯಾದರೆ ಹೀಗೂ ಆಗುತ್ತದೆ.

ಪ್ರತಿವಾದಿಗಳು ಅಹಮದಾಬಾದ್ ಶಾಸನ ತೋರಿಸದೆ ಬಿಡುವುದಿಲ್ಲ: ಅದೇ ವಿಶ್ವಕಪ್‌ನ ಫೈನಲ್, 107 ಎಸೆತಗಳಲ್ಲಿ 66, ಒಂದೇ ಬೌಂಡರಿ, ಸೋಲು. ಪ್ರಕ್ಷಿಪ್ತವೆಂದು ಕೈಬಿಡುವ ಆಸೆ ಬಲವಾಗಿದೆ. ಕೋಟಿಗಟ್ಟಲೆ ಜನ ನೋಡಿರುವುದರಿಂದ ಸಾಧ್ಯವಿಲ್ಲ. ಪರಿಹಾರವನ್ನು ದುಬೈ ಒದಗಿಸುತ್ತದೆ. 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಆರನೆಯ ಕ್ರಮಾಂಕ, ಅಕ್ಷರ್ ಪಟೇಲ್ ಅವರಿಗಿಂತಲೂ ಕೆಳಗೆ. ಸೆಮಿಫೈನಲ್‌ನಲ್ಲಿ 34 ಎಸೆತಗಳಲ್ಲಿ ಅಜೇಯ 42, ಮ್ಯಾಕ್ಸ್‌ವೆಲ್‌ಗೆ ಗೆಲುವಿನ ಸಿಕ್ಸರ್. ಫೈನಲ್‌ನಲ್ಲಿ 33 ಎಸೆತಗಳಲ್ಲಿ ಅಜೇಯ 34.

ಇನ್ನು ಪರಿಶಿಷ್ಟ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿ ಮೈದಾನದ ಐಪಿಎಲ್ ಪಂದ್ಯದಲ್ಲಿ, ತಮ್ಮ ಡೆಲ್ಲಿ ತಂಡ 58ಕ್ಕೆ 4 ಇದ್ದಲ್ಲಿಂದ ಅಜೇಯ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದ ರಾಹುಲ್, ನೆಲದ ಮೇಲೆ ವೃತ್ತ ಬಿಡಿಸಿ ಬ್ಯಾಟ್ ಊರಿದರು. ಪ್ರೇರಣೆ ‘ಕಾಂತಾರ’ ಸಿನಿಮಾ ಎಂದು ಆಮೇಲೆ ಅವರೇ ಹೇಳಿದರು. ಕರಾವಳಿಯ ಕಥೆಯ ಮುದ್ರೆಯೊತ್ತಿ ಬೆಂಗಳೂರಿನ ಜಾಗಕ್ಕೆ ಹಕ್ಕು ಹೂಡಿದ ಮೊದಲ ಪ್ರಕರಣ ಇದಿರಬೇಕು. ಸರ್ವೆ ನಂಬರ್, ಚಕ್ಕುಬಂದಿ ಯಾವುದೂ ದಾಖಲಾಗಿಲ್ಲ. ತಕರಾರು ಸಲ್ಲಿಸಲು ಆರ್‌ಸಿಬಿ ಅಭಿಮಾನಿಗಳಿಗೆ ಅವಕಾಶವಿದೆ.