ಹೋಗಲು ಎಂಟು, ಬರಲು ಹತ್ತು

ಬೆಂಗಳೂರಿನಿಂದ ಟೋಕಿಯೋದ ನರಿತಾ ವಿಮಾನ ನಿಲ್ದಾಣಕ್ಕೆ ಆಕಾಶದಲ್ಲಿ ಅಳೆದರೆ ಸುಮಾರು 6,700 ಕಿಲೋಮೀಟರ್. ನೇರ ವಿಮಾನದಲ್ಲಿ ಹೋಗಲು ಎಂಟು ಗಂಟೆ ಹಿಡಿಯುತ್ತದೆ. ಬರಲು ಮಾತ್ರ ಹತ್ತಿರ ಹತ್ತಿರ ಹತ್ತು.

ಜಪಾನಿನಲ್ಲಿ ಮಗಳಿರುವ ಬಸವನಗುಡಿಯ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿಗೆ ಈ ಲೆಕ್ಕ ಸುತರಾಂ ಒಪ್ಪಿಗೆಯಿಲ್ಲ. ‘ಭೂಮಿ ಪೂರ್ವಕ್ಕೆ ತಿರುಗುತ್ತೆ ತಾನೆ ಪುಟ್ಟೀ? ನಾವು ಬರ್ತಾ ಇದ್ರೆ ಟೋಕಿಯೋ ಮುಂದೆ ಮುಂದೆ ಓಡ್ತಿರುತ್ತೆ. ವಾಪಸು ಹೊರಟರೆ ಬೆಂಗಳೂರೇ ಎದುರಿಗೆ ಬರುತ್ತೆ. ತಡ ಆಗ್ಬೇಕಾದ್ದು ಹೋಗೋವಾಗ!’ ಎಂದು ವಾಟ್ಸಾಪಿನಲ್ಲಿ ವಾದಿಸುತ್ತಾರೆ. ‘ಭೂಮಿ ಜೊತೆಗೆ ಗಾಳೀನೂ ತಿರುಗುತ್ತೆ ಅಪ್ಪಾ, ಗಾಳಿಯಲ್ಲಿರೋ ವಿಮಾನಾನೂ’ ಎಂದರೆ, ‘ಹಾಗಾದ್ರೆ ಎರಡೂ ಸಮ ಬರ್ಬೇಕು’ ಎನ್ನುತ್ತಾರೆ. ಮೇಷ್ಟ್ರ ಬಾಯಿ ಕಟ್ಟುವುದು ಸುಲಭವಲ್ಲ.

ಸಮ ಬರದಿರುವುದಕ್ಕೆ ಕಾರಣ ಜೆಟ್ ಸ್ಟ್ರೀಮ್. ಉಷ್ಣವಲಯದ ಬಿಸಿಗಾಳಿಗೂ ಧ್ರುವದ ಕಡೆಯ ತಣ್ಣನೆ ಗಾಳಿಗೂ ಇರುವ ಅಂತರ, ಜೊತೆಗೆ ಭೂಮಿಯ ತಿರುಗುವಿಕೆ, ಇವೆರಡೂ ಸೇರಿ ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿಯನ್ನು ಹೊಳೆಯಂತೆ ಪೂರ್ವಕ್ಕೆ ಹರಿಸುತ್ತವೆ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುವುದುಂಟು. ಹೋಗುವ ವಿಮಾನಕ್ಕೆ ಹಿಂದಿನಿಂದ ಪುಕ್ಕಟೆ ನೂಕು. ಬರುವ ವಿಮಾನಕ್ಕೆ ಎದೆಗೆ ಎದೆ ಕೊಟ್ಟು ತಡೆ. ಬೇಸಿಗೆಯಲ್ಲಿ ಈ ಗಾಳಿ ಸೊರಗುತ್ತದೆ, ವ್ಯತ್ಯಾಸವೂ ತಗ್ಗುತ್ತದೆ.

ಈ ಗಾಳಿಯನ್ನು ಬಲು ಹಿಂದೆಯೇ ಅಳೆದಿಟ್ಟವರು ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ತತೆನೊ ವೀಕ್ಷಣಾಲಯದಿಂದ ಬಲೂನು ಹಾರಿಸಿ ಹಾರಿಸಿ ಗಾಳಿಯ ವೇಗ ಹಿಡಿದರು. 1926ರಲ್ಲಿ ವರದಿಯನ್ನೂ ಅಚ್ಚು ಹಾಕಿಸಿದರು, ಅದೂ ಎಸ್ಪೆರಾಂಟೊದಲ್ಲಿ! ಜಗತ್ತಿಗೆಲ್ಲ ಒಂದು ಸಮಾನ ಭಾಷೆಯಿರಲಿ ಎಂದು ಹುಟ್ಟಿಸಿದ ಆ ಭಾಷೆಯನ್ನು ಜಗತ್ತಿನಲ್ಲಿ ಬಲ್ಲವರು ತೀರಾ ಕಡಿಮೆ. ವರದಿ ಕಪಾಟು ಸೇರಿತು. 1944ರಲ್ಲಿ ಟೋಕಿಯೋದ ಮೇಲೆ ದಾಳಿಗೆ ಬಂದ ಅಮೆರಿಕದ ಬಿ-29 ವಿಮಾನಗಳು ಅದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು.

ಕಥೆ ಕೇಳಿದ ಮೇಷ್ಟ್ರು, ‘ನನ್ನ ಕ್ಲಾಸಲ್ಲೂ ಇಂಥೋನೊಬ್ಬ ಇದ್ದ. ಉತ್ತರ ಸರಿ, ಓದೋಕಾಗ್ತಿರಲಿಲ್ಲ’ ಎಂದರು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಬೆರಳು ಮಡಿಚಿ ಬೇರೆಯೇ ಲೆಕ್ಕ ತೆಗೆದಿದ್ದರು. ಬೆಂಗಳೂರು ಬಿಡುವುದು ರಾತ್ರಿ ಎರಡಕ್ಕೆ ಎಂದಿಟ್ಟುಕೊಂಡರೆ ನರಿತಾದಲ್ಲಿ ಇಳಿಯುವಾಗ ಅಲ್ಲಿನ ಗಡಿಯಾರದಲ್ಲಿ ಮಧ್ಯಾಹ್ನ ಒಂದೂವರೆ: ಹನ್ನೊಂದೂವರೆ ಗಂಟೆ! ಅಲ್ಲಿಂದ ಸಂಜೆ ಆರಕ್ಕೆ ಹೊರಟರೆ ಇಲ್ಲಿ ರಾತ್ರಿ ಹನ್ನೆರಡೂವರೆ: ಬರೀ ಆರೂವರೆ! ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ, ಅದನ್ನು ಒಮ್ಮೆ ಕಳೆಯಬೇಕು, ಒಮ್ಮೆ ಕೂಡಬೇಕು ಎಂದು ಮೇಷ್ಟ್ರು ಹಾಳೆಯ ಮೇಲೆ ಗೀಚಿ ತೋರಿಸಿದರು. ಆಕೆ ಹಾಳೆಯತ್ತ ನೋಡಲಿಲ್ಲ. ಹನ್ನೊಂದೂವರೆ ಗಂಟೆಗೆ ಸಾಲುವಷ್ಟು ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳುವುದೆಂದೇ ತೀರ್ಮಾನಿಸಿದರು. ಮಿಕ್ಕರೆ ಮಗಳಿಗಾಯಿತು.